ಸತ್ಯಾಂಶ: ಮನೆಯಲ್ಲಿ ಮಾಡಿದ ಹೂವಿನ ಸೋಡಾದಲ್ಲಿ ಮದ್ಯ ಇರುವುದೇ ಇಲ್ಲವೇ?

"ಎಲ್ಡರ್‌ಫ್ಲವರ್ ಹೂ, ಸಕ್ಕರೆ, ನಿಂಬೆಹಣ್ಣು ನೀರಿಗೆ ಹಾಕಿ, ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ವಾರಕ್ಕೆ ಸೋಡಾ ರೆಡಿ, ಮದ್ಯ ಸೊನ್ನೆ." ರಾಯಚೂರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ನನಗೂ ಬಂದ ಸಂದೇಶವಿದು. ಎಲ್ಡರ್‌ಫ್ಲವರ್ ಎಂದರೆ ಇಂಗ್ಲೆಂಡಿನ ಕಡೆ ಗೊಂಚಲಾಗಿ ಅರಳುವ, ಪರಿಮಳದ ಪುಟ್ಟ ಬಿಳಿ ಹೂ.

ಸೋಡಾ ಆಗುವುದು ನಿಜ. ಹೂವಿನ ಮೇಲಿನ ಯೀಸ್ಟ್ ಸಕ್ಕರೆ ತಿಂದು ಗುಳ್ಳೆ ಎಬ್ಬಿಸುತ್ತದೆ. ಆದರೆ ಆ ಅನಿಲದ ಜೊತೆಗೇ ಆಲ್ಕೋಹಾಲೂ ಹುಟ್ಟುತ್ತದೆ. ಬೆಳಗಿನ ಈಚಲ ನೀರಾ ಬಿಸಿಲೇರಿದಂತೆ ಸೇಂದಿಯಾಗುವುದನ್ನು ಕಂಡ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಪ್ರಮಾಣ ಕಡಿಮೆ ಇರಬಹುದು, ಸೊನ್ನೆಯಂತೂ ಅಲ್ಲ. ಮಕ್ಕಳಿಗೆ ಕೊಡಬೇಡಿ.

ನನಗೆ ಹೆಚ್ಚು ಭಯ ಬಾಟಲಿಯದು. ಇಂಗ್ಲೆಂಡಿನಲ್ಲಿ ಈ ಹೂ ಅರಳುವುದು ಮೇ–ಜೂನ್‌ನ ತಂಪಿನಲ್ಲಿ. ನಮ್ಮಲ್ಲಿ ಮೇ ಎಂದರೆ 40 ಡಿಗ್ರಿ. ಹುದುಗು ಬೇಗ ಏರಿ, ಒತ್ತಡಕ್ಕೆ ಗಾಜು ಸಿಡಿಯಬಹುದು. ಸೋಡಾದ ಪ್ಲಾಸ್ಟಿಕ್ ಬಾಟಲಿ ಬಳಸಿ, ದಿನವೂ ಒತ್ತಿ ನೋಡಿ, ಗಟ್ಟಿಯಾದ ಕೂಡಲೇ ಫ್ರಿಜ್ಜಿಗಿಡಿ.

ಮದ್ಯವೇ ಬೇಡವೆಂದರೆ ಹುದುಗಿಸಬೇಡಿ. ಕೆಂಪು ಪುಂಡಿಕಾಯಿ ಸುತ್ತಲಿನ ಹುಳಿ ಎಸಳನ್ನು ಸಕ್ಕರೆ ನೀರಿನಲ್ಲಿ ಕುದಿಸಿ ಸೋಸಿ, ಫ್ರಿಜ್ಜಿನಲ್ಲಿಟ್ಟು, ಕುಡಿಯುವಾಗ ಅಂಗಡಿ ಸೋಡಾ ಬೆರೆಸಿ. ಬಣ್ಣವೂ ಎಲ್ಡರ್‌ಫ್ಲವರಿಗಿಂತ ಚೆಂದ.