ಶ್ರುತಿ ಇಳಿಸಿದ್ರೆ ಮೋಸ ಹೇಗಾಗುತ್ತೆ?

ಸರ್, ಆಪೆರಾ (ಪಾಶ್ಚಾತ್ಯ ಸಂಗೀತ ನಾಟಕ) ಹಾಡನ್ನ ಮೂಲ ಶ್ರುತಿಯಿಂದ ಇಳಿಸಿ ಹಾಡೋದು ಕೇಳುಗರಿಗೆ ಮಾಡೋ ಮೋಸ ಅಂದಿದೀರಲ್ಲ, ನಾನಂತೂ ಒಪ್ಪಲ್ಲ. ಪುಚ್ಚಿನಿಯ ಲಾ ಬೊಹೆಮ್ (1896) ಒಳಗೆ ಒಬ್ಬ ಹುಡುಗ ಹಾಡೋ ಪ್ರೇಮಗೀತೆ 'ಕೆ ಜೆಲಿದಾ ಮಾನಿನಾ' ತಗೊಳ್ಳಿ, ಅದನ್ನ ಅರ್ಧ ಸ್ವರ ಇಳಿಸಿ ಹಾಡಿರೋ ಎತ್ತರದ ಗಂಡು ದನಿಯ ದೊಡ್ಡ ಟೆನರ್‌ಗಳು ಎಷ್ಟೋ ಜನ ಇದಾರೆ, ಹೈ ಸಿ ಅನ್ನೋ ತುಂಬಾ ಎತ್ತರದ ಸ್ವರ ಆಗ ಅದರ ಕೆಳಗಿನ ಬಿ ಆಗುತ್ತೆ ಅಷ್ಟೇ, ಆದ್ರೆ ಗಂಟಲು ಬಿಗಿಹಿಡಿದು ಕಿರುಚೋ ಬದಲು ಆ ಹುಡುಗನ ಪ್ರೀತಿ ಕಿವಿಗೆ ಬೀಳುತ್ತೆ. ವೆರ್ದಿಯ 'ದಿ ಕ್ವೆಲ್ಲಾ ಪೀರಾ' ವಿಷ್ಯ ಬೇರೆ, ಜನ ಕಾದು ಕೂರೋ ಆ ಹೈ ಸಿ ವೆರ್ದಿ ಬರೆದದ್ದೇ ಅಲ್ಲ, ಗಾಯಕರು ಸೇರಿಸಿದ್ದು, ಅದೊಂದನ್ನ ಮುಟ್ಟೋಕೆ ಅಂತ ಇಡೀ ಹಾಡನ್ನೇ ಇಳಿಸೋದು ಮಾತ್ರ ನಂಗೆ ಸರಿ ಕಾಣಲ್ಲ, ವೆರ್ದಿ ಬರೆದಿರೋ, ಅದಕ್ಕಿಂತ ಕೆಳಗಿನ ಜಿ ಸ್ವರ ಹಾಡಿದ್ರೆ ಸಾಕಲ್ವಾ. ಇನ್ನು ರೊಸ್ಸಿನಿಯ 'ಉನಾ ವೋಚೆ ಪೋಕೊ ಫಾ' ಇ ಮೇಜರ್ ಅನ್ನೋ ಶ್ರುತಿಯಲ್ಲಿ ಬರೆದದ್ದು, ಸೊಪ್ರಾನೋಗಳು (ಎತ್ತರದ ದನಿಯ ಗಾಯಕಿಯರು) ಎಫ್‌ಗೆ ಏರಿಸಿ ಹಾಡ್ತಾರೆ, ಅದನ್ನೂ ಮೋಸ ಅಂತೀರಾ?