ಬಂಪರ್‌ನಲ್ಲಿ ತೆಂಗಿನ ಮರ, ಹಿಂದೆ ಹಿಮದ ಬೆಟ್ಟ

ಇತ್ತೀಚೆಗೆ ನನ್ನ ಫೀಡ್ ತುಂಬ ಹಳೇ ಕಾರುಗಳು. ಸಂತೋಷವೇ. ತಲೆಬಿಸಿ ಆಗುವುದು ಕಾರಿನ ಹಿಂದೆ ಕಾಣುವ ಜಾಗ ನೋಡಿ. ಮೊನ್ನೆ ಯಾರೋ ಒಂದು ಬಿಳಿ ಅಂಬಾಸಿಡರ್ ಹಾಕಿದ್ದರು. ಹಿಂದೆ ಹಿಮದ ಬೆಟ್ಟ, ಪೈನ್ ಮರ, ಸಿನಿಮಾದಲ್ಲಿ ಬರುವಂಥ ಆಕಾಶ. ಫೋಟೋ ದೊಡ್ಡದು ಮಾಡಿ ಬಂಪರ್ ನೋಡಿದರೆ ಅಲ್ಲಿ ಎರಡು ತೆಂಗಿನ ಮರ, ಹೆಂಚಿನ ಮಾಡು, ಒಣಗಲು ಹಾಕಿದ ಬೈರಾಸು! ಚಕ್ರದ ನಡುವಿನ ಹೊಳೆಯುವ ಮುಚ್ಚಳ, ಹಬ್‌ಕ್ಯಾಪ್‌ನಲ್ಲಿ ಲುಂಗಿ ಕಟ್ಟಿ, ಮೊಬೈಲ್ ಹಿಡಿದು, ಕುಕ್ಕರಗಾಲಲ್ಲಿ ಕೂತ ಫೋಟೋಗ್ರಾಫರ್ ಕೂಡ ಉಂಟು ಮಾರಾಯ್ರೆ.

ನಾನು ಉಡುಪಿಯಲ್ಲಿ ಮದುವೆ ಆಲ್ಬಮ್ ಡಿಸೈನ್ ಮಾಡಿ ಬದುಕುವವನು. ಬಿಡುವಿದ್ದಾಗ ಹಳೇ ಕಾರಿನ ಫೋಟೋ ಎಡಿಟ್ ಮಾಡುವುದು ನನ್ನ ಹುಚ್ಚು. ಎಡಿಟ್ ಮಾಡಲೇಬಾರದು ಅಂತ ನಾನು ಹೇಳಿದರೆ ನನ್ನ ಹೊಟ್ಟೆಗೇ ಕಲ್ಲು. ಆದರೆ ಹಳೇ ಕಾರಿನ ಹಿನ್ನೆಲೆಗೆ ಮಾತ್ರ ಕೈ ಹಾಕಬೇಡಿ. ಯಾಕೆಂದರೆ ಆ ಹಿನ್ನೆಲೆ ಕಾರಿನ ಮೈಮೇಲೂ ಇರುತ್ತದೆ.

ಈಗಿನ ಕಾರಿನಲ್ಲಿ ಬಂಪರ್ ಪ್ಲಾಸ್ಟಿಕ್. ಆಗ ಬಂಪರ್, ಗ್ರಿಲ್, ಹೆಡ್‌ಲೈಟಿನ ರಿಂಗ್, ಹಿಡಿ, ಎಲ್ಲ ಕ್ರೋಮ್, ಕನ್ನಡಿಯ ಹಾಗೆ ಹೊಳೆಯುವ ಲೋಹದ ಲೇಪ. ಅಂಗಳದಲ್ಲಿ ಏನಿದೆಯೋ ಎಲ್ಲ ಅದರಲ್ಲಿ ಮೂಡುತ್ತದೆ. ಗಾಜಿನ ಮೇಲಿನ, ಪೇಂಟ್ ಮೇಲಿನ ಪ್ರತಿಫಲನವನ್ನು ಲೆನ್ಸ್ ಮುಂದೆ ಹಾಕುವ ಸಿಪಿಎಲ್ ಅನ್ನುವ ಪೋಲರೈಸಿಂಗ್ ಫಿಲ್ಟರ್ ತಿರುಗಿಸಿ ಸುಮಾರಾಗಿ ಇಳಿಸಬಹುದು. ಕ್ರೋಮ್ ಹತ್ತಿರ ಅದರ ಆಟ ನಡೆಯುವುದಿಲ್ಲ. ಲೋಹದಿಂದ ಬರುವ ಪ್ರತಿಫಲನಕ್ಕೆ ಆ ಫಿಲ್ಟರ್ ಬಗ್ಗುವುದಿಲ್ಲ. ಅಂದಮೇಲೆ ಹಿಮದ ಬೆಟ್ಟ ಅಂಟಿಸುವವರು ಪ್ರತಿ ಕ್ರೋಮ್ ತುಂಡನ್ನೂ ಹೊಸದಾಗಿ ಬಿಡಿಸಬೇಕು. ಯಾರು ಮಾಡುತ್ತಾರೆ?

ಇನ್ನು ನಮ್ಮ ಕೆಂಪುಕಲ್ಲು. ಬಿಳಿ ಕಾರನ್ನು ಕೆಂಪು ಮಣ್ಣಿನ ಅಂಗಳದಲ್ಲಿ ನಿಲ್ಲಿಸಿ ನೋಡಿ. ಬಾಗಿಲಿನ ಕೆಳಭಾಗಕ್ಕೆ ಮಣ್ಣಿನ ಬಣ್ಣ ಹೊಡೆದು ತೆಳು ಗುಲಾಬಿ ಆಗುತ್ತದೆ. ಟಾಪ್ ಮೇಲೆ ಆಕಾಶದ ನೀಲಿ. ಆಟೋ ಕಲರ್ ಒತ್ತಿದರೆ ಸಾಫ್ಟ್‌ವೇರ್ ಗಾಬರಿಯಾಗಿ ಕೆಂಪು ಎಳೆದುಹಾಕುತ್ತದೆ, ಇಡೀ ಕಾರು ನೀಲಿಗೆ ತಿರುಗುತ್ತದೆ. ಕೆಲವರು ಮಾಸ್ಕ್ ಹಾಕಿ, ಅಂದರೆ ಬೇಕಾದ ಜಾಗ ಮಾತ್ರ ಆರಿಸಿ, ಕೆಳಗಿನ ಗುಲಾಬಿಯನ್ನೂ ಮೇಲಿನ ನೀಲಿಯನ್ನೂ ತೆಗೆದು ಪೂರ್ತಿ ಬಿಳಿ ಮಾಡುತ್ತಾರೆ. ಆಮೇಲೆ ಕಾರು ನೆಲದ ಮೇಲೆ ನಿಂತ ಹಾಗೇ ಕಾಣುವುದಿಲ್ಲ, ಎಲ್ಲಿಂದಲೋ ಕತ್ತರಿಸಿ ಅಂಟಿಸಿದ ಹಾಗೆ. ನಾನು ಗುಲಾಬಿಯನ್ನು ಸ್ವಲ್ಪ ಇಳಿಸುತ್ತೇನೆ, ಪೂರ್ತಿ ಕೊಲ್ಲುವುದಿಲ್ಲ.

ಪೇಂಟಿನ ಕತೆಯೂ ಅದೇ. ಆ ಕಾಲದ ಕಾರಿಗೆ ಮೇಲೊಂದು ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ, ಇರಲಿಲ್ಲ, ಬಣ್ಣವೇ ಕೊನೆಯ ಪದರ. ಹಾಗಾಗಿ ಅದರ ಹೊಳಪು ಮೃದು. ಅಂಚು ಎದ್ದು ಕಾಣಿಸುವ ಕ್ಲಾರಿಟಿ ಸ್ಲೈಡರ್ ಕೊನೆತನಕ ಎಳೆದು, ಬಣ್ಣ ಗಾಢ ಮಾಡುವ ಸ್ಯಾಚುರೇಶನ್ ಏರಿಸಿದರೆ ಒಳ್ಳೆ ಹಸಿರು ಫಿಯೆಟ್ ಕೂಡ ಹೊಸ ಪ್ಲಾಸ್ಟಿಕ್ ಬಕೆಟ್ ಆಗಿಬಿಡುತ್ತದೆ.

ಹಾಗಾದರೆ ಏನು ಅಳಿಸಬಹುದು? ಗಾಳಿಗೆ ಹಾರಿ ಬಂದ ಪ್ಲಾಸ್ಟಿಕ್ ತೊಟ್ಟೆ, ಅಡ್ಡ ಹೋದ ಕರೆಂಟ್ ವಯರ್, ಯಾರದೋ ಅರ್ಧ ಕಾಲು, ಧಾರಾಳವಾಗಿ ಅಳಿಸಿ. ಹಳೇ ಪ್ರಿಂಟ್ ಸ್ಕ್ಯಾನ್ ಮಾಡಿದಾಗ ಬರುವ ಧೂಳು, ಗೀರು ಕೂಡ. ಕೆಲಸ ಮಾತ್ರ ಬೇರೆ ಲೇಯರ್‌ನಲ್ಲಿ, ಅಂದರೆ ಚಿತ್ರದ ಮೇಲೆ ಹಾಸಿದ ಪಾರದರ್ಶಕ ಹಾಳೆಯಂಥ ಪದರದಲ್ಲಿ ಆಗಲಿ. ಫೋಟೋಶಾಪ್ 1990ರಲ್ಲಿ ಬಂದರೂ ಲೇಯರ್ ಬಂದದ್ದು 1994ರ 3.0ನಲ್ಲಿ. ಅದಕ್ಕೆ ಮೊದಲು ತಿದ್ದಿದ್ದು ಚಿತ್ರದ ಮೇಲೇ ಕೂತುಬಿಡುತ್ತಿತ್ತು. ಈಗ ಪುಕ್ಕಟೆ ಸಿಗುವ ಗಿಂಪ್‌ನಲ್ಲೂ ಲೇಯರ್ ಉಂಟು. ಕೆಳಗಿನ ಮೂಲ ಚಿತ್ರ ಮುಟ್ಟುವ ಅಗತ್ಯವೇ ಇಲ್ಲ.

ಕಾರು ಮಾರುವ ಫೋಟೋದಲ್ಲಿ ಮಾತ್ರ ಏನೂ ಅಳಿಸಬೇಡಿ. ನನ್ನ ಗೆಳೆಯನೊಬ್ಬ ಫೋಟೋ ನಂಬಿ ಒಂದು ಪದ್ಮಿನಿ ಕಾರು ನೋಡಲು ಘಟ್ಟ ಹತ್ತಿ ಹೋಗಿದ್ದ. ಫೋಟೋದಲ್ಲಿ ಬಾಗಿಲ ಕೆಳಗಿನ ಪಟ್ಟಿ ನುಣ್ಣಗೆ ಇತ್ತು. ಎದುರಿಗೆ ನಿಂತು ನೋಡಿದರೆ ಬೆರಳು ಒಳಗೆ ಹೋಗುತ್ತದೆ, ಅಷ್ಟು ತುಕ್ಕು. ಪಕ್ಕದ ಜಾಗ ನಕಲು ಮಾಡಿ ಕಲೆ ಮುಚ್ಚುವ ಹೀಲಿಂಗ್ ಬ್ರಷ್ ಕೆಲಸ ಅಂತ ನನಗೆ ಫೋಟೋ ನೋಡಿದ ಕೂಡಲೇ ಗೊತ್ತಾಯಿತು, ಒಂದೇ ಕಲೆ ಮೂರು ಕಡೆ ರಿಪೀಟ್ ಆಗಿತ್ತು. ಅವನು ನನಗೆ ತೋರಿಸಿದ್ದು ವಾಪಸ್ ಬಂದ ಮೇಲೆ, ಅದು ಬೇರೆ ಮಾತು. ಸಮುದ್ರದ ಉಪ್ಪುಗಾಳಿ, ವರ್ಷಕ್ಕೆ 3,500 ಮಿಲಿಮೀಟರ್ ಮೀರುವ ಮಳೆ ಇರುವ ನಮ್ಮ ಕಡೆಯವರಿಗೆ ತುಕ್ಕು ಎಂತ ಅಂತ ಹೇಳಿಕೊಡಬೇಕಾ? ತೋರಿಸಿಯೇ ಮಾರಿ.

ನಿಜ ಹೇಳಬೇಕೆಂದರೆ ನಮಗೆ ಸುಳ್ಳು ಹಿನ್ನೆಲೆ ಬೇಕಾಗಿಯೇ ಇಲ್ಲ. ಮಲ್ಪೆಯಿಂದ ಪಡುಕೆರೆ ಕಡೆಗೆ ಸಮುದ್ರದ ಬದಿಯಲ್ಲೇ ಹೋಗುವ ರಸ್ತೆ ನೋಡಿದ್ದೀರಲ್ಲ? ಸೂರ್ಯ ಮುಳುಗಿದ ಮೇಲೆ ಸ್ವಲ್ಪ ಹೊತ್ತು ಪಶ್ಚಿಮದ ಆಕಾಶ ಇಡೀ ಒಂದೇ ದೊಡ್ಡ ದೀಪ. ಕಾರಿನ ಒಂದು ಬದಿ ಸಮುದ್ರಕ್ಕೆ ಮುಖ ಮಾಡಿರಲಿ. ಬಾಗಿಲಿನ ಉದ್ದಕ್ಕೂ ದಿಗಂತದ ಗೆರೆ ಮೂಡುತ್ತದೆ, ಮೇಲೆ ತಿಳಿ, ಕೆಳಗೆ ಕಪ್ಪು. ಅಂಬಾಸಿಡರ್‌ನ ಆ ದುಂಡು ಮೈ ಎಲ್ಲಿ ಬಾಗಿದೆ ಅಂತ ಆಗಲೇ ಕಾಣುವುದು. ಮಳೆ ಬಿಟ್ಟ ಮೋಡದ ಮಧ್ಯಾಹ್ನವೂ ಒಳ್ಳೆಯದು. ಮನೆಗೆ ಬಂದು ಕಾರಿನ ಅಡಿ ತೊಳೆಯಿರಿ, ಉಪ್ಪು.

ಕೊನೆಗೆ ಈ ಎಐ. ಮಸುಕಾದ ಹಳೇ ಫೋಟೋ ಕೊಟ್ಟು ಸ್ಪಷ್ಟ ಮಾಡು ಅಂದರೆ, ಇಲ್ಲದ್ದನ್ನು ತಾನೇ ಹುಟ್ಟಿಸುತ್ತದೆ. ಮಾರ್ಕ್ 2 ಅಂಬಾಸಿಡರ್‌ಗೆ ಚೌಕ ಚೌಕದ ಗ್ರಿಲ್. ಮಾರ್ಕ್ 3ಕ್ಕೆ ಅಡ್ಡ ಪಟ್ಟಿ. ಅದರಲ್ಲೇ ಕಾರಿನ ಕಾಲ ಗುರುತಿಸುವವರು ಇದ್ದಾರೆ. ಎಐಗೆ ಅದೆಲ್ಲ ಒಂದೇ, ಎಂಥದೋ ಜಾಲರಿ ಹಾಕಿ ಕೊಡುತ್ತದೆ. ನಂಬರ್ ಪ್ಲೇಟಿನಲ್ಲಿ ಯಾವ ಆರ್‌ಟಿಒ ಕೂಡ ಕೊಡದ ಅಕ್ಷರ!

ಕಪ್ಪುಬಿಳುಪಿಗೆ ಬಣ್ಣ ಹಚ್ಚುವುದು ಇನ್ನೂ ಕಷ್ಟ. ಆ ಫಿಲ್ಮಿನಲ್ಲಿ ಒಂದು ಕೆಂಪು, ಒಂದು ಹಸಿರು ಎರಡೂ ಒಂದೇ ಬೂದಿ ಬಣ್ಣವಾಗಿ ಬರಬಹುದು. ಫೋಟೋದಲ್ಲೇ ಇಲ್ಲದ ಬಣ್ಣವನ್ನು ಯಾವ ಸಾಫ್ಟ್‌ವೇರ್ ಹುಡುಕಿ ತರುತ್ತದೆ? ಸುಮ್ನೆ ಊಹೆ.

ಪರಿಚಯದ ಒಬ್ಬರ ಮನೆಯ ಹಳೇ ಕಾರಿನ ಫೋಟೋಗೆ ಎಐ ಚಂದದ ನೀಲಿ ಹಚ್ಚಿತ್ತು. ಮಗ ಖುಷಿಯಲ್ಲಿ ಅಮ್ಮನಿಗೆ ತೋರಿಸಿದ. ಅವರು ಕನ್ನಡಕ ಏರಿಸಿ ನೋಡಿ, "ಇದು ಯಾರ ಕಾರು ಮಗಾ? ನಮ್ಮದು ಬೂದಿ ಬಣ್ಣದ್ದಲ್ವಾ. ಈಚೆ ಬಾಗಿಲು ಮಾತ್ರ ಹಸಿರು. ಲಾರಿ ತಾಗಿದ ಮೇಲೆ ನಿನ್ನ ಅಪ್ಪ ಯಾವುದೋ ಗುಜರಿಯಿಂದ ತಂದು ಹಾಕಿಸಿದ್ದು" ಅಂದರಂತೆ. ಈಗ ನಾನು ಅದನ್ನು ಮೊದಲಿಂದ ಮಾಡುತ್ತಿದ್ದೇನೆ. ಬೂದಿ ಸಿಕ್ಕಿತು. ಆ ಬಾಗಿಲಿನ ಹಸಿರು ಯಾವ ಹಸಿರು ಅಂತ ಅಮ್ಮ, ಮಗ, ಪಕ್ಕದ ಮನೆಯವರ ನಡುವೆ ಇನ್ನೂ ಚರ್ಚೆ ನಡೆಯುತ್ತಿದೆ.