ಕೇಡಿಗೆ ಕಚೇರಿ ಸಿಕ್ಕಾಗ

ಮನುಷ್ಯನ ಒಳಗೆ ಮತ್ಸರ, ಲೋಭ, ಭಯ ಇವೆ ಅನ್ನೋದು ಹೊಸ ಸುದ್ದಿಯೇನಲ್ಲ. ಪಕ್ಕದವನ ಬದು ಒತ್ತುವವರು, ಅವನ ಹಸು ಎರಡು ಸೇರು ಹೆಚ್ಚು ಹಾಲು ಕೊಟ್ಟರೆ ಹೊಟ್ಟೆ ಉರಿದುಕೊಳ್ಳುವವರು ಎಲ್ಲ ಊರಲ್ಲೂ ಎಲ್ಲ ಕಾಲಕ್ಕೂ ಇದ್ದಾರೆ. ಅಷ್ಟಕ್ಕೇ ಸಮಾಜ ಕುಸಿಯುವಂತಿದ್ದರೆ ಇಷ್ಟು ಹೊತ್ತಿಗೆ ಒಂದು ಊರೂ ಉಳಿಯುತ್ತಿರಲಿಲ್ಲ. ಈ ದಿನನಿತ್ಯದ ಕೆಟ್ಟತನಕ್ಕೆ ಸರ್ಕಾರದ ಮೊಹರು, ಕೈಗೊಂದು ಪಟ್ಟಿ, ಲೂಟಿಯಲ್ಲಿ ಪಾಲು, ಮೂರೂ ಒಟ್ಟಿಗೆ ಸಿಕ್ಕಿದರೆ ಏನಾಗುತ್ತದೆ ಅನ್ನುವುದನ್ನು ನೋಡಬೇಕಾದರೆ 1994ರ ರುವಾಂಡಾವನ್ನು ಬಿಡಿಬಿಡಿಯಾಗಿ ನೋಡಬೇಕು. ಆಫ್ರಿಕಾದ ಆ ಪುಟ್ಟ ದೇಶದಲ್ಲಿ ಆ ವರ್ಷ ಬಹುಸಂಖ್ಯಾತ ಹುಟುಗಳ ಸರ್ಕಾರ ಅಲ್ಪಸಂಖ್ಯಾತ ಟುಟ್ಸಿಗಳ ಹತ್ಯಾಕಾಂಡ ನಡೆಸಿತು.

"ಆಫ್ರಿಕಾದ ಬುಡಕಟ್ಟು ಜಗಳ" ಎಂದು ಹೇಳಿ ಕೈತೊಳೆದುಕೊಳ್ಳುವವರು ನಮ್ಮಲ್ಲಿ ಬಹಳ. ಸೋಮಾರಿ ಮಾತು ಅದು. ಹುಟು, ಟುಟ್ಸಿ ಇಬ್ಬರೂ ಆಡುವುದು ಒಂದೇ ಕಿನ್ಯಾರ್ವಾಂಡಾ ಭಾಷೆ. ಹೋಗುವುದು ಹೆಚ್ಚಾಗಿ ಒಂದೇ ಚರ್ಚಿಗೆ. ಮನೆಗಳು ಅದೇ ಗುಡ್ಡದ ಇಳಿಜಾರಿನಲ್ಲಿ ಅಕ್ಕಪಕ್ಕ, ನಡುವೆ ಕೊಟ್ಟು ತಂದ ಸಂಬಂಧಗಳು. ದನ ಇದ್ದವರು ಟುಟ್ಸಿ, ಹೊಲ ಗೇಯುವವರು ಹುಟು ಎಂಬ ಹಳೆಯ ಭೇದ ಇತ್ತು, ನಿಜ. ಅದನ್ನು ಹುಟ್ಟಿನಿಂದ ಅಳಿಸಲಾಗದ ಜಾತಿಯಂತೆ ಕಾಗದಕ್ಕೆ ಇಳಿಸಿದ್ದು ಬೆಲ್ಜಿಯಂ ಆಡಳಿತ, 1930ರ ದಶಕದ ಜನಗಣತಿ ಮತ್ತು ಗುರುತಿನ ಚೀಟಿಯ ಮೂಲಕ. ಮುಂದೆ ಆ ಚೀಟಿಯಲ್ಲಿ ಹುಟು, ಟುಟ್ಸಿ, ತ್ವಾ (ಮೂರನೆಯ, ತೀರಾ ಸಣ್ಣ ಗುಂಪು) ಎಂದು ಸಾಲಾಗಿ ಅಚ್ಚಾಗಿರುತ್ತಿತ್ತು. ಸಂಬಂಧಪಡದವುಗಳ ಮೇಲೆ ಗುಮಾಸ್ತ ಗೀಟು ಎಳೆಯುತ್ತಿದ್ದ. 1962ರಲ್ಲಿ ಸ್ವಾತಂತ್ರ್ಯ ಬಂತು, ಹುಟು ನಾಯಕರೇ ಅಧಿಕಾರಕ್ಕೆ ಬಂದರು, ಚೀಟಿ ಮಾತ್ರ ಹೋಗಲಿಲ್ಲ. 1994ರಲ್ಲಿ ರಸ್ತೆ ತಡೆಗಳಲ್ಲಿ ಮೊದಲು ಕೇಳುತ್ತಿದ್ದುದೇ ಅದನ್ನು.

ಒತ್ತಡ ಸುಳ್ಳಾಗಿರಲಿಲ್ಲ. ಸುಮಾರು 26,000 ಚದರ ಕಿಲೋಮೀಟರ್ ಗುಡ್ಡಗಾಡಿನಲ್ಲಿ 70 ಲಕ್ಷಕ್ಕೂ ಹೆಚ್ಚು ಜನ, ಬಹುಪಾಲು ಎಲ್ಲರೂ ರೈತರು. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದು ಕಾಫಿ ಬೆಲೆ ನೆಲಕಚ್ಚಿತು. ಆ ದೇಶಕ್ಕೆ ವಿದೇಶಿ ಹಣ ತರುತ್ತಿದ್ದ ಮುಖ್ಯ ಬೆಳೆಯೇ ಅದು. 1990ರ ಅಕ್ಟೋಬರ್‌ನಲ್ಲಿ ಟುಟ್ಸಿ ನಿರಾಶ್ರಿತರ ಸೈನ್ಯವಾದ ಆರ್‌ಪಿಎಫ್ ಉಗಾಂಡಾದಿಂದ ನುಗ್ಗಿತು. 1993ರ ಅಕ್ಟೋಬರ್‌ನಲ್ಲಿ ಪಕ್ಕದ ಬುರುಂಡಿಯಲ್ಲಿ ಚುನಾಯಿತ ಹುಟು ಅಧ್ಯಕ್ಷರನ್ನು ಟುಟ್ಸಿ ಸೈನಿಕರು ಕೊಂದರು. ಹುಟು ರೈತನಿಗೆ ಭಯ ಬಂದದ್ದು ಸಹಜ. ಆ ಭಯವನ್ನು ಆಳುವವರು ಹೊರಗಿನ ಸೈನ್ಯದಿಂದ ಬಿಡಿಸಿ ಪಕ್ಕದ ಮನೆಗೆ ಕಟ್ಟಿದರು. ನಂಜು ಇರುವುದು ಅಲ್ಲಿ.

ಭಯದ ಕೆಳಗೆ ಇನ್ನೂ ಹಳೆಯದೊಂದು ಕಾಯಿಲೆ ಇತ್ತು. ಕ್ಯಾಥರೀನ್ ಆಂದ್ರೆ ಮತ್ತು ಜಾನ್ ಫಿಲಿಪ್ ಪ್ಲಾಟೊ ಎಂಬ ಬೆಲ್ಜಿಯಂ ಅರ್ಥಶಾಸ್ತ್ರಜ್ಞರು ಹತ್ಯಾಕಾಂಡಕ್ಕೆ ಮೊದಲೇ, 1988ರಲ್ಲಿ ಮತ್ತು 1993ರಲ್ಲಿ, ವಾಯವ್ಯ ರುವಾಂಡಾದ ಕನಾಮಾ ಎಂಬಲ್ಲಿ ಜಮೀನಿನ ಲೆಕ್ಕ ಹಾಕಿದ್ದರು. ಒಂದು ಕುಟುಂಬಕ್ಕೆ ಸರಾಸರಿ ಒಂದು ಎಕರೆಗೂ ಕಡಿಮೆ, ಅದೂ ಆ ಐದು ವರ್ಷದಲ್ಲಿ ಇನ್ನಷ್ಟು ಕುಗ್ಗಿತ್ತು. ಪಾಲಿನ ವ್ಯಾಜ್ಯ ಮನೆಮನೆಗೂ ಇತ್ತು: ಅಣ್ಣ ತಮ್ಮ, ಅಪ್ಪ ಮಗ, ಗಂಡನ ಮನೆಯಿಂದ ವಾಪಸ್ ಬಂದ ಹೆಣ್ಣುಮಗಳು. ಅಲ್ಲಿದ್ದವರು ಬಹುತೇಕ ಎಲ್ಲರೂ ಹುಟುಗಳೇ. ಅವರ ಅಧ್ಯಯನದ ಜಾಗದಲ್ಲಿ ಟುಟ್ಸಿ ಎಂದರೆ ಒಬ್ಬ ವಿಧವೆ. ಆದರೂ 1994ರಲ್ಲಿ ಅಲ್ಲಿ ನೂರಕ್ಕೆ ಐದರಷ್ಟು ಜನ ಸತ್ತರು. ಆ ವಿಧವೆಯನ್ನು ಕೊಂದರು. ಆಮೇಲೆ ಜಮೀನು ಹೆಚ್ಚಿದ್ದವರು, ಊರಿಗೆ ಆಗದವರು ಬಲಿಯಾದರು. ದ್ವೇಷ ಜನಾಂಗದ್ದೇ ಆಗಿದ್ದರೆ ಕನಾಮಾದಲ್ಲಿ ಒಂದು ಹೆಣದೊಂದಿಗೆ ಎಲ್ಲ ಮುಗಿಯಬೇಕಿತ್ತಲ್ಲ?

ಈಗ ಯಂತ್ರಕ್ಕೆ ಬರೋಣ. ಅದರ ಭಾಗಗಳು ಬಹಳ ಸಾದಾ. ದೇಶದಲ್ಲಿ 145 ಕಮ್ಯೂನ್, ಒಂದೊಂದಕ್ಕೂ ಅಧ್ಯಕ್ಷರೇ ನೇಮಿಸಿದ ಒಬ್ಬ ಬೂರ್ಗ್‌ಮೆಸ್ತ್ರ. ನಮ್ಮ ತಹಶೀಲ್ದಾರ, ಠಾಣೆಯ ಸಬ್ ಇನ್‌ಸ್ಪೆಕ್ಟರ್, ಪಂಚಾಯ್ತಿ ಅಧ್ಯಕ್ಷ ಮೂವರನ್ನೂ ಕುಟ್ಟಿ ಒಬ್ಬನನ್ನಾಗಿ ಮಾಡಿದಂತೆ. ಅವನ ಕೆಳಗೆ ಸೆಕ್ಟರ್, ಅದರ ಕೆಳಗೆ ಸೆಲ್, ಕಡೆಗೆ ಹತ್ತು ಮನೆಗೊಬ್ಬ ಮುಖಂಡ. ಯಾರ ಮನೆಗೆ ನೆಂಟರು ಬಂದರು, ಯಾರು ಊರು ಬಿಟ್ಟರು ಎಂಬುದು ಒಂದೇ ದಿನದಲ್ಲಿ ಮೇಲಕ್ಕೆ ಮುಟ್ಟುತ್ತಿತ್ತು. ಜೊತೆಗೆ ಉಮುಗಾಂಡಾ ಎಂಬ ಕಡ್ಡಾಯ ಶ್ರಮದಾನ: ನಿಗದಿಯಾದ ದಿನ ಮನೆಗೊಬ್ಬರು ಸಲಕರಣೆ ಹಿಡಿದು ಬರಬೇಕು, ರಸ್ತೆ ಸರಿ ಮಾಡಬೇಕು, ಪೊದೆ ಸವರಬೇಕು. ಬಾರದಿದ್ದರೆ ದಂಡ. ಏಪ್ರಿಲ್‌ನಲ್ಲಿ ಕೊಲೆಗೆ ಕರೆದದ್ದೂ ಇದೇ ಪದ್ಧತಿಯಲ್ಲಿ, ಇದೇ ಭಾಷೆಯಲ್ಲಿ: "ಕೆಲಸಕ್ಕೆ ಬನ್ನಿ", "ಪೊದೆ ಸವರಿ". 1993ರ ಜುಲೈನಲ್ಲಿ ಶುರುವಾದ ಆರ್‌ಟಿಎಲ್‌ಎಂ ರೇಡಿಯೊ ಹಾಡು, ತಮಾಷೆಗಳ ನಡುವೆ ಟುಟ್ಸಿಗಳನ್ನು ಜಿರಳೆಗಳೆಂದು ಕರೆದು ಕಿವಿಗೆ ಅಭ್ಯಾಸ ಮಾಡಿಸಿತ್ತು. 1993ರ ಜನವರಿಯಿಂದ 94ರ ಮಾರ್ಚ್‌ವರೆಗೆ ಆಮದಾದ ಮಚ್ಚುಗಳು ಐದು ಲಕ್ಷಕ್ಕೂ ಹೆಚ್ಚು ಎಂದು ಹ್ಯೂಮನ್ ರೈಟ್ಸ್ ವಾಚ್ ಲೆಕ್ಕ ಕೊಟ್ಟಿದೆ.

ಏಪ್ರಿಲ್ 6ರ ರಾತ್ರಿ ಅಧ್ಯಕ್ಷ ಹಬ್ಯಾರಿಮಾನಾ ಇದ್ದ ವಿಮಾನವನ್ನು ರಾಜಧಾನಿ ಕಿಗಾಲಿಯಲ್ಲಿ ಹೊಡೆದುರುಳಿಸಿದರು. ಮಾರನೆಯ ಬೆಳಿಗ್ಗೆ ಸೈನಿಕರು ಕೊಂದವರಲ್ಲಿ ಪ್ರಧಾನಿ ಅಗಾಥೆ ಉವಿಲಿಂಗಿಯಿಮಾನಾ ಒಬ್ಬರು. ಆಕೆ ಟುಟ್ಸಿ ಅಲ್ಲ, ಹುಟು. ರಾಜಧಾನಿಯ ಕೊಲೆ ಪಟ್ಟಿಗಳಲ್ಲಿ "ಬೇಡ" ಎನ್ನಬಲ್ಲ ಹುಟುಗಳೂ ಮೊದಲಿಗೇ ಇದ್ದರು.

ಆದರೆ ಹಳ್ಳಿಗಳಲ್ಲಿ ಬೆಂಕಿ ಒಂದೇ ದಿನ ಹತ್ತಲಿಲ್ಲ. ದಕ್ಷಿಣದ ಬುಟಾರೆ ಪ್ರಾಂತ್ಯ ನೋಡಿ. ದೇಶದ ಏಕೈಕ ಟುಟ್ಸಿ ಪ್ರಾಂತ್ಯಾಧಿಕಾರಿ ಇದ್ದದ್ದು ಅಲ್ಲಿ. ಸುಮಾರು ಎರಡು ವಾರ ಆತ ಪ್ರಾಂತ್ಯದ ಬಹುಭಾಗವನ್ನು ಹಿಡಿದಿಟ್ಟ. ಬೇರೆ ಕಡೆಯಿಂದ ಜೀವ ಉಳಿಸಿಕೊಳ್ಳಲು ಜನ ಅಲ್ಲಿಗೆ ಓಡಿ ಬಂದರು. ಏಪ್ರಿಲ್ 17ರಂದು ಆತನನ್ನು ವಜಾ ಮಾಡಿದ ಸುದ್ದಿ ರೇಡಿಯೊದಲ್ಲಿ ಬಂತು. 19ರಂದು ಮಧ್ಯಂತರ ಅಧ್ಯಕ್ಷ ಸಿಂಡಿಕುಬ್ವಾಬೊ ಖುದ್ದು ಬಂದು ಭಾಷಣ ಮಾಡಿ, "ನಮಗೆ ಸಂಬಂಧವಿಲ್ಲ" ಎಂದು ಕೂತವರು ಕೆಲಸ ಮಾಡುವವರಿಗೆ ದಾರಿ ಬಿಡಲಿ ಎಂಬರ್ಥದ ಮಾತಾಡಿದ. ವೃತ್ತಿಯಲ್ಲಿ ಆತ ಮಕ್ಕಳ ಡಾಕ್ಟರು. ಮರುದಿನದಿಂದ ಬುಟಾರೆ ಕಸಾಯಿಖಾನೆಯಾಯಿತು. ಜನ ಅವರೇ, ಅವರ ಒಳಗಿದ್ದ ಮತ್ಸರವೂ 16ರಂದು ಎಷ್ಟಿತ್ತೋ 20ರಂದೂ ಅಷ್ಟೇ ಇತ್ತು. ನಡುವೆ ಬದಲಾದದ್ದು ಕುರ್ಚಿ.

ಟಾಬಾ ಕಮ್ಯೂನಿನ ಬೂರ್ಗ್‌ಮೆಸ್ತ್ರ ಜಾನ್ ಪಾಲ್ ಅಕಾಯೆಸುವಿನ ಕಥೆ ಇದಕ್ಕಿಂತ ಕಸಿವಿಸಿ ಹುಟ್ಟಿಸುವಂಥದ್ದು. ಹಿಂದೆ ಮೇಷ್ಟರಾಗಿದ್ದವನು. ಏಪ್ರಿಲ್ 18ರವರೆಗೆ ಆತ ಕೊಲೆ ತಡೆಯಲು ನೋಡಿದ ಎಂಬುದನ್ನು ಟಾಂಜಾನಿಯಾದ ಅರುಷಾದಲ್ಲಿ ವಿಶ್ವಸಂಸ್ಥೆಯ ನ್ಯಾಯಮಂಡಳಿಯೇ ಒಪ್ಪಿಕೊಂಡಿತು. ಅಂದು ಮಧ್ಯಂತರ ಸರ್ಕಾರದವರು ಬೂರ್ಗ್‌ಮೆಸ್ತ್ರರ ಸಭೆ ಕರೆದರು. 19ರ ನಸುಕಿನಲ್ಲಿ ಒಂದು ಹೆಣದ ಸುತ್ತ ಸೇರಿದ್ದ ನೂರಕ್ಕೂ ಹೆಚ್ಚು ಜನರೆದುರು ನಿಂತು, ಶತ್ರುವಿನ ಜೊತೆಗಾರರನ್ನು ಮುಗಿಸಿ ಎಂದದ್ದು ಇವನೇ. ಆಮೇಲೆ ಅವನ ಕಚೇರಿಯ ಆವರಣದಲ್ಲೇ ಆಶ್ರಯಕ್ಕೆ ಬಂದ ಹೆಂಗಸರ ಮೇಲೆ ಅತ್ಯಾಚಾರ ನಡೆಯಿತು. 1998ರ ಸೆಪ್ಟೆಂಬರ್ 2ರಂದು ಅವನ ಅಪರಾಧ ಸಾಬೀತಾಯಿತು. ಅಂತಾರಾಷ್ಟ್ರೀಯ ನ್ಯಾಯಾಲಯವೊಂದು ಜನಾಂಗಹತ್ಯೆಗೆ ಕೊಟ್ಟ ಮೊದಲ ತೀರ್ಪು ಅದು. ರಾಕ್ಷಸ ಅಂದುಬಿಟ್ಟರೆ ಸುಲಭ. ನನಗೆ ಕಾಣುವುದು ಗಾಳಿ ಬಂದ ಕಡೆ ತೂರಿಕೊಂಡ, ಕುರ್ಚಿ ಬಿಡಲಾರದ ಒಬ್ಬ ನೌಕರ. ಅಂಥವರು ಎಷ್ಟು ಜನ ನಮ್ಮ ಸುತ್ತ!

ತದ್ವಿರುದ್ಧ ಉದಾಹರಣೆ ಗಿಟಿ ಕಮ್ಯೂನ್. ಅಲ್ಲಿನ ಬೂರ್ಗ್‌ಮೆಸ್ತ್ರ ಮೊದಲ ಪುಂಡರನ್ನು ಹಿಡಿದು ಒಳಗೆ ಹಾಕಿದ, ಹತ್ಯಾಕಾಂಡ ನಡೆಯಲಿಲ್ಲ. ಆರ್‌ಪಿಎಫ್ ಬೇಗ ಅಲ್ಲಿಗೆ ತಲುಪಿದ್ದೂ ನೆರವಾಯಿತು, ಅದನ್ನು ಮುಚ್ಚಿಟ್ಟು ಆತನನ್ನು ದೇವರು ಮಾಡಬೇಕಿಲ್ಲ. ಆದರೆ ಸೈನ್ಯ ಬರುವ ತನಕ ದಿನ ತಳ್ಳಿದ್ದು ಆತನ ನಿರ್ಧಾರವೇ.

ಕೈ ಹಾಕಿದವರು ಎಷ್ಟು? ನೂರಾರು ಅಪರಾಧಿಗಳನ್ನು ಜೈಲಿನಲ್ಲಿ ಮಾತಾಡಿಸಿದ ಸ್ಕಾಟ್ ಸ್ಟ್ರಾಸ್ ಎಂಬ ಸಂಶೋಧಕರ ಅಂದಾಜು 1,75,000ದಿಂದ 2,10,000. ಕೊಲೆಗಾರರ ಲೆಕ್ಕವಾಗಿ ಇದು ಭಾರಿ ಸಂಖ್ಯೆ, ಆದರೆ ಬಹುಪಾಲು ಹುಟುಗಳು ಯಾರನ್ನೂ ಕೊಲ್ಲಲಿಲ್ಲ ಎಂಬುದೂ ಇದೇ ಲೆಕ್ಕದಲ್ಲಿದೆ. ಕಾರಣ ಕೇಳಿದಾಗ ಹೆಚ್ಚಿನವರು ಹೇಳಿದ್ದು ಯುದ್ಧದ ಭಯ ಮತ್ತು ಜೊತೆಯವರ ಒತ್ತಾಯ; "ರೇಡಿಯೊ ಕೇಳಿ ಹೋದೆ" ಎಂದವರು ಕಡಿಮೆ. ಭಾಷಣ, ಪ್ರಚಾರಗಳನ್ನಷ್ಟೇ ಬೈಯುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಮನೆ ಬಾಗಿಲಿಗೆ ಬಂದು "ಹೊರಡು" ಎನ್ನುವ ಹತ್ತು ಜನರ ಬಲ ಮೈಕಿಗಿಲ್ಲ.

ಜುಲೈ 4ಕ್ಕೆ ಆರ್‌ಪಿಎಫ್ ಕಿಗಾಲಿ ಹಿಡಿಯಿತು. ನೂರು ದಿನದಲ್ಲಿ ಸತ್ತವರು ವಿಶ್ವಸಂಸ್ಥೆಯ ಅಂದಾಜಿನಲ್ಲಿ ಎಂಟು ಲಕ್ಷ, ರುವಾಂಡಾ ಸರ್ಕಾರದ ಲೆಕ್ಕದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು. ಗೆದ್ದವರೂ ಸೇಡಿನ ಕೊಲೆ ಮಾಡಿದರು. ಸುಮಾರು 20 ಲಕ್ಷ ಜನ ಗಡಿ ದಾಟಿದರು. ಜೈರೆಯ (ಇಂದಿನ ಕಾಂಗೊ) ಗೋಮಾ ಶಿಬಿರಗಳಲ್ಲಿ ಕಾಲರಾಕ್ಕೆ ಹತ್ತಾರು ಸಾವಿರ ಜನ ಬಲಿಯಾದರು. ನ್ಯಾಯಾಧೀಶರು ಹೆಚ್ಚು ಜನ ಉಳಿದಿರಲಿಲ್ಲ, ಜೈಲುಗಳಲ್ಲಿ ಒಂದು ಲಕ್ಷಕ್ಕೂ ಮೀರಿ ಕೈದಿಗಳು. ಹಾಗಾಗಿ ಹುಲ್ಲಿನ ಮೇಲೆ ಕೂತು ಊರವರೇ ವಿಚಾರಣೆ ಮಾಡುವ ಗಚಾಚಾ ಪಂಚಾಯ್ತಿಗೆ ಕಾನೂನಿನ ರೂಪ ಕೊಟ್ಟು, 2012ರವರೆಗೆ ನಡೆಸಿದರು. ಅವುಗಳ ನಡಾವಳಿಯ ಮೇಲೆ ತಕರಾರುಗಳು ಬೇಕಾದಷ್ಟಿವೆ: ವಕೀಲರಿಲ್ಲ, ಆರ್‌ಪಿಎಫ್ ಮಾಡಿದ್ದರ ಮಾತೇ ಎತ್ತುವಂತಿಲ್ಲ.

ಆದರೆ ಅಲ್ಲಿಂದ ಬಂದ ಒಂದು ಲೆಕ್ಕ ಈ ಇಡೀ ಚರ್ಚೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ. ತೀರ್ಮಾನವಾದ ಸುಮಾರು 19.6 ಲಕ್ಷ ಪ್ರಕರಣಗಳಲ್ಲಿ 13 ಲಕ್ಷಕ್ಕೂ ಹೆಚ್ಚು ಆಸ್ತಿಯವು: ದನ ಹೊಡೆದುಕೊಂಡು ಹೋದದ್ದು, ಬಾಗಿಲು, ಕಿಟಕಿ, ಹೆಂಚು ಕಿತ್ತದ್ದು, ಬೆಳೆ ಕೊಯ್ದುಕೊಂಡದ್ದು. ಮೊದಲು ಹೇಳಿದ ಲೂಟಿಯ ಪಾಲು ಇದೇ. ಈ ಗುಂಪಿನವರಿಗೆ ಜೈಲಿಲ್ಲ, ಬೆಲೆ ಕಟ್ಟಿ ತುಂಬಿಕೊಡಬೇಕು ಎಂಬುದೇ ತೀರ್ಪು. ಕೆಲವರು ಹಣದ ಬದಲು ಸತ್ತವರ ಮನೆಯವರ ಹೊಲದಲ್ಲಿ ಕೂಲಿ ಮಾಡಿ ತೀರಿಸಿದರು, ಕೆಲವರಿಗೆ ಬದುಕುಳಿದವರೇ ಮಾಫಿ ಮಾಡಿದರು. ಕದ್ದವನೂ ಬಡವನೇ ಆದ್ದರಿಂದ, ತೀರ್ಪಿನ ಕಾಗದ ಕೈಯಲ್ಲಿದ್ದರೂ ಹಸುವಿನ ದುಡ್ಡು ಬಾರದೆ ಉಳಿದ ಮನೆಗಳು ಬಹಳ.